ನೀರು ಇಳಿದ ಮೇಲೆ ಅಂಗಡಿಯ ಲೆಕ್ಕ: 50,000 ರೂಪಾಯಿ ಯಾರಿಗೆ ಸಿಗುತ್ತದೆ, ಯಾಕೆ ಸಾಲುವುದಿಲ್ಲ?

2025ರ ಅಕ್ಟೋಬರ್ 7ರಂದು ಮಹಾರಾಷ್ಟ್ರ ಸರ್ಕಾರ ಮಳೆ ಮತ್ತು ಪ್ರವಾಹದಿಂದ ನಲುಗಿದ ಜಿಲ್ಲೆಗಳಿಗೆ 31,628 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಅದರ ದೊಡ್ಡ ಪಾಲು ರೈತರದ್ದು. ಹೊಲವೇ ಕೊಚ್ಚಿಹೋದವರಿಗೆ ಅದು ಸಿಗಲೇಬೇಕು. ಅದೇ ಪಟ್ಟಿಯಲ್ಲಿ ಅಂಗಡಿಕಾರರಿಗೂ ಒಂದು ಸಾಲಿನ ಜಾಗ ಇತ್ತು: 50,000 ರೂಪಾಯಿವರೆಗೆ ನೆರವು.

ಈ ಅಂಕಿ ಹೊಸದಲ್ಲ. 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಸಣ್ಣ ವ್ಯಾಪಾರಿಗಳಿಗೆ ಹೇಳಿದ್ದು 50,000. 2021ರಲ್ಲಿ ಚಿಪ್ಳೂಣ, ಮಹಾಡ್ ಪೇಟೆಗಳು ಮುಳುಗಿದಾಗ 11,500 ಕೋಟಿಯ ಪ್ಯಾಕೇಜ್ ಬಂತು. ಅದರಲ್ಲೂ ಅಂಗಡಿಗೆ 50,000, ಟಪರಿಗೆ, ಅಂದರೆ ಸಣ್ಣ ಗೂಡಂಗಡಿಗೆ, 10,000. ಆರು ವರ್ಷಗಳಲ್ಲಿ ಎಣ್ಣೆ ಡಬ್ಬಿಯ ಬೆಲೆ ಏರಿದೆ, ಬಾಡಿಗೆ ಏರಿದೆ, ಕೆಲಸದ ಹುಡುಗರ ಪಗಾರ ಏರಿದೆ. ಈ ಮಿತಿ ಮಾತ್ರ ಇದ್ದಲ್ಲೇ ಇದೆ.

ಪುಣೆಯಲ್ಲಿ ಕಿರಾಣಿ ಅಂಗಡಿ, ಉಡುಪಿ ಹೋಟೆಲ್, ತರಕಾರಿ ಗಾಡಿ ನಡೆಸುವ ಕನ್ನಡಿಗರು ಇಂಥ ಸುದ್ದಿ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಕೆಲವಿವೆ. ಇದು ಎಲ್ಲರಿಗೂ ಸಿಗುತ್ತಾ? ಬಾಡಿಗೆ ಅಂಗಡಿ ಇದ್ದರೆ? ಡ್ಯಾಮಿನ ನೀರು ಬಿಟ್ಟು ಮುಳುಗಿದ್ದರೆ ವಿಮೆ ಕೊಡುತ್ತಾ? ಹಾಳಾದ ಮಾಲಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುತ್ತಾ? ಒಂದೊಂದಕ್ಕೂ ಬೇರೆ ಬೇರೆ ಕಚೇರಿ ಬೇರೆ ಬೇರೆ ಉತ್ತರ ಕೊಡುತ್ತದೆ. ಈ ಉತ್ತರಗಳನ್ನೆಲ್ಲ ಒಂದೇ ಕಡೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಪ್ರವಾಹದ ನಂತರ ಅಂಗಡಿಕಾರನಿಗೆ ಎಷ್ಟು ಸಿಗುತ್ತದೆ ಎಂಬುದು ಅವನು ಎಷ್ಟು ಕಳೆದುಕೊಂಡ ಎಂಬುದರ ಮೇಲೆ ನಿಂತಿಲ್ಲ. ಅವನ ಹತ್ತಿರ ಯಾವ ಊರಿನ, ಯಾವ ಹೆಸರಿನ ಕಾಗದ ಇದೆ ಎಂಬುದರ ಮೇಲೆ ನಿಂತಿದೆ.

ಪುಣೆಗೆ ನೀರು ಬರುವ ಎರಡು ದಾರಿ

2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಹರಿದು ಬರುವ ಆಂಬಿಲ್ ಓಢಾ ಉಕ್ಕಿತು. ಓಢಾ ಎಂದರೆ ಹಳ್ಳ. ಬೇಸಿಗೆಯಲ್ಲಿ ನೋಡಿದರೆ ಗಟಾರದಂತೆ ಕಾಣುತ್ತದೆ. ಆ ರಾತ್ರಿ ಕೆಲವೇ ಗಂಟೆಗಳ ಮಳೆಗೆ ಅರಣ್ಯೇಶ್ವರ, ಸಹಕಾರನಗರ ಭಾಗದಲ್ಲಿ ಗೋಡೆಗಳು ಉರುಳಿದವು, ಗಾಡಿಗಳು ತೇಲಿಹೋದವು. ಪುಣೆ ಮತ್ತು ಸುತ್ತಮುತ್ತ 20ಕ್ಕೂ ಜಾಸ್ತಿ ಜನ ಸತ್ತರು. ಇದು ಮೊದಲನೇ ದಾರಿ: ಹಳ್ಳದ ಪಾತ್ರ ಕಿರಿದಾಗಿದೆ, ಮೇಲೆ ಗುಡ್ಡದ ಮಣ್ಣು ಅಗೆದು ಕಟ್ಟಡ ಎದ್ದಿದೆ, ಕಾಂಕ್ರೀಟಿನ ಮೇಲೆ ಬಿದ್ದ ನೀರು ಇಂಗದೆ ಒಂದೇ ಸಲ ಕೆಳಗೆ ಬರುತ್ತದೆ.

ಎರಡನೇ ದಾರಿ ಅಣೆಕಟ್ಟಿನದ್ದು. ಪಾನಶೆತ್, ವರಸಗಾಂವ್, ಟೇಮಘರ್ ಮೂರರ ನೀರೂ ಕೊನೆಗೆ ಖಡಕ್‌ವಾಸ್ಲಾಕ್ಕೆ ಬರುತ್ತದೆ. ಖಡಕ್‌ವಾಸ್ಲಾದಲ್ಲಿ ಹಿಡಿಯುವುದು ಸುಮಾರು 2 ಟಿಎಂಸಿ ಮಾತ್ರ. ಹಾಗಾಗಿ ಜೋರು ಮಳೆಗೆ ಅದು ಬೇಗ ತುಂಬುತ್ತದೆ, ಗೇಟು ತೆಗೆಯದೆ ಬೇರೆ ದಾರಿ ಇಲ್ಲ. 2024ರ ಜುಲೈ 25ರ ನಸುಕಿನಲ್ಲಿ ಸುಮಾರು 35,000 ಕ್ಯೂಸೆಕ್ ನೀರು ಮುಠಾ ನದಿಗೆ ಬಂತು. ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಜನ ಎದ್ದು ನೋಡುವಷ್ಟರಲ್ಲಿ ನೆಲಮಹಡಿ ಮುಳುಗಿತ್ತು. ಡೆಕ್ಕನ್ ಹತ್ತಿರದ ಪುಲಾಚಿ ವಾಡಿಯಲ್ಲಿ ತಿಂಡಿ ಗಾಡಿಯನ್ನು ನೀರಿನಿಂದ ಸರಿಸಲು ಹೋದ ಮೂವರು ಕರೆಂಟ್ ತಗುಲಿ ಸತ್ತರು. ಒಂದು ತಳ್ಳುಗಾಡಿ ಉಳಿಸಿಕೊಳ್ಳಲು ಜೀವ ಕೊಡುವ ಮಟ್ಟಕ್ಕೆ ಆ ಗಾಡಿ ಅವರಿಗೆ ಬೇಕಾಗಿತ್ತು. ಸಣ್ಣ ವ್ಯಾಪಾರ ಎಂದರೇನು ಎಂದು ತಿಳಿಯಲು ಇದೊಂದು ಸುದ್ದಿ ಸಾಕು.

ಎರಡು ದಾರಿಯಲ್ಲೂ ಅಂಗಡಿಕಾರನಿಗೆ ಒಂದೇ ತೊಂದರೆ: ಸಮಯ ಸಿಗುವುದಿಲ್ಲ. ದೊಡ್ಡ ನದಿ ಎರಡು ದಿನ ಏರುತ್ತಾ ಬಂದರೆ ಮಾಲು ಮಾಳಿಗೆಗೆ ಸಾಗಿಸಬಹುದು. ಹಠಾತ್ ಪ್ರವಾಹ ಶಟರ್ ಎತ್ತಲೂ ಬಿಡುವುದಿಲ್ಲ.

ಕೆಸರಿನಲ್ಲಿ ಏನೇನು ಹೋಗುತ್ತದೆ

ಮನೆಗೆ ನೀರು ನುಗ್ಗುವುದಕ್ಕೂ ಅಂಗಡಿಗೆ ನುಗ್ಗುವುದಕ್ಕೂ ವ್ಯತ್ಯಾಸ ಇದೆ. ಕಿರಾಣಿ ಅಂಗಡಿಯನ್ನೇ ತೆಗೆದುಕೊಳ್ಳಿ. ಭಾರದ ಮಾಲೆಲ್ಲ ಕೆಳಗೇ ಇರುತ್ತದೆ: ಅಕ್ಕಿ ಚೀಲ, ಗೋಧಿ ಹಿಟ್ಟು, ಸಕ್ಕರೆ, ಬೇಳೆ. ಮೊಣಕಾಲುದ್ದ ನೀರು ಬಂದರೂ ಬಂಡವಾಳದ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ಸಕ್ಕರೆ ಕರಗಿ ಖಾಲಿ ಚೀಲ ಉಳಿಯುತ್ತದೆ. ಅಕ್ಕಿ ಉಬ್ಬಿ, ಎರಡನೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಮೇಲಿನ ಕಪಾಟಿನಲ್ಲಿ ಬಿಸ್ಕೆಟ್, ಸೋಪು ಒಣಗಿಯೇ ಇರುತ್ತವೆ, ಆದರೆ ಅದರಲ್ಲಿ ಲಾಭ ಎಷ್ಟು? ಹೋಟೆಲಿನವರದ್ದು ಇನ್ನೊಂದು ಕಥೆ. ಗ್ರೈಂಡರಿನ ಮೋಟಾರು, ಫ್ರಿಜ್ಜಿನ ಕಂಪ್ರೆಸರ್, ನೀರಿನ ಪಂಪು, ಎಲ್ಲವೂ ಕೆಳಗೇ ಕೂತಿರುತ್ತವೆ. ಮಿಸ್ತ್ರಿ ಬಂದು ಒಣಗಿಸಿ ವೈಂಡಿಂಗ್ ಮಾಡಿಕೊಡುವವರೆಗೆ ಇಡ್ಲಿ ಹಿಟ್ಟು ರುಬ್ಬಲು ಆಗುವುದಿಲ್ಲ. ಊರಿಗೆಲ್ಲ ಅದೇ ದಿನ ಮಿಸ್ತ್ರಿ ಬೇಕಾಗಿರುತ್ತಾನೆ.

ಯಾರ ಲೆಕ್ಕಕ್ಕೂ ಸಿಗದ ನಷ್ಟ ಇನ್ನೊಂದಿದೆ. ಅದು ಉದ್ರಿ ಪುಸ್ತಕ. ಸಣ್ಣ ಅಂಗಡಿಯಲ್ಲಿ ಗಿರಾಕಿಗಳು ಕೊಡಬೇಕಾದ ಹಣ ಬರೆದಿಡುವುದು ಅದೇ ಕೆಂಪು ಬಟ್ಟೆಯ ಪುಸ್ತಕದಲ್ಲಿ, ಗಲ್ಲಾ ಪೆಟ್ಟಿಗೆಯ ಕೆಳಗೆ. ಪುಸ್ತಕ ನೆನೆದರೆ ಶಾಯಿ ಹರಡುತ್ತದೆ, ಹಾಳೆಗಳು ಅಂಟಿಕೊಳ್ಳುತ್ತವೆ. ಪಂಚನಾಮೆಯಲ್ಲಿ, ಅಂದರೆ ಸರ್ಕಾರಿ ನೌಕರರು ಸ್ಥಳಕ್ಕೆ ಬಂದು ಬರೆಯುವ ನಷ್ಟದ ದಾಖಲೆಯಲ್ಲಿ, ಅದಕ್ಕೆ ಕಾಲಂ ಇಲ್ಲ, ಸಾಮಾನ್ಯ ವಿಮೆಯಲ್ಲಿ ಅದಕ್ಕೆ ರಕ್ಷಣೆ ಇಲ್ಲ. ಒಳ್ಳೆ ಗಿರಾಕಿಗಳು ನೆನಪಿಟ್ಟು ಕೊಡುತ್ತಾರೆ ನಿಜ. ಆದರೆ ಅದೇ ಗಲ್ಲಿಯ ಗಿರಾಕಿಗಳ ಮನೆಗೂ ನೀರು ನುಗ್ಗಿರುತ್ತದಲ್ವಾ? ಕೊಡುವ ಮನಸ್ಸಿದ್ದರೂ ಕೈಯಲ್ಲಿ ಹಣ ಇರುವುದಿಲ್ಲ.

ನಿಯಮದ ಪಟ್ಟಿಯಲ್ಲಿ ಅಂಗಡಿಯೇ ಇಲ್ಲ

ಪ್ರತಿ ರಾಜ್ಯದಲ್ಲೂ ವಿಪತ್ತು ಪರಿಹಾರ ನಿಧಿ ಇದೆ. ಮಹಾರಾಷ್ಟ್ರ, ಕರ್ನಾಟಕದಂಥ ರಾಜ್ಯಗಳಲ್ಲಿ ಅದರ 75 ಪ್ರತಿಶತ ಕೇಂದ್ರದ ಹಣ, 25 ಪ್ರತಿಶತ ರಾಜ್ಯದ್ದು. ಯಾವುದಕ್ಕೆ ಎಷ್ಟು ಕೊಡಬಹುದು ಎಂದು ಕೇಂದ್ರ ಸರ್ಕಾರ ಪಟ್ಟಿ ಮಾಡಿದೆ. ಜೀವ ಹೋದರೆ 4 ಲಕ್ಷ. ಬೆಳೆ, ದನಕರು, ಮೀನುಗಾರರ ದೋಣಿ, ಬಿದ್ದ ಮನೆ, ಮನೆಯ ಬಟ್ಟೆ ಪಾತ್ರೆ, ನೇಕಾರರ ಮತ್ತು ಕುಶಲಕರ್ಮಿಗಳ ಉಪಕರಣ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಅಂಗಡಿಯ ಮಾಲಿಗೆ ಇಲ್ಲ.

ಇದರ ಪರಿಣಾಮ ನೇರವಾದದ್ದು. ಬೆಳೆ ಹೋದ ರೈತನಿಗೆ ನಿಯಮ ಮೊದಲೇ ಬರೆದಿಟ್ಟಿದೆ. ಕೊಡುವುದು ತಡವಾಗಬಹುದು, ಹಕ್ಕು ಇದೆ. ಅಂಗಡಿಕಾರನಿಗೆ ಸಿಗುವುದು ಆಯಾ ಪ್ರವಾಹಕ್ಕೆ ರಾಜ್ಯ ಸರ್ಕಾರ ಹೊರಡಿಸುವ ಪ್ರತ್ಯೇಕ ಆದೇಶದಿಂದ. ಆ ಆದೇಶ ಬಂದರೆ ಉಂಟು, ಬರದಿದ್ದರೆ ಇಲ್ಲ. ಹತ್ತು ಜಿಲ್ಲೆ ಮುಳುಗಿ ಮುಖಪುಟದ ಸುದ್ದಿಯಾದರೆ ಪ್ಯಾಕೇಜ್ ಬರುತ್ತದೆ. ಒಂದು ಹಳ್ಳ ಉಕ್ಕಿ ಒಂದೇ ಬೀದಿಯ ನಲವತ್ತು ಅಂಗಡಿ ಮುಳುಗಿದರೆ? ಆ ನಲವತ್ತು ಜನರಿಗೂ ನಷ್ಟ ಅಷ್ಟೇ, ಆದರೆ ಅವರ ಪಾಲಿಗೆ ಆದೇಶ ಹೊರಡುವುದು ಖಾತ್ರಿ ಇಲ್ಲ. ಪೇಪರಿನಲ್ಲಿ ಓದಿದ 50,000 ನನಗೆ ಯಾಕೆ ಬಂದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ಇಲ್ಲೇ ಇದೆ: ಅದು ಬೇರೆ ಪ್ರವಾಹದ, ಬೇರೆ ಜಿಲ್ಲೆಯ ಆದೇಶ.

ವೋಟು ಊರಲ್ಲಿ, ಅಂಗಡಿ ಪುಣೆಯಲ್ಲಿ

ಆದೇಶ ಬಂದರೂ ಒಳಗೆ ಷರತ್ತುಗಳಿವೆ. 2019 ಮತ್ತು 2021ರ ಪ್ರವಾಹದ ನಂತರ ಮಹಾರಾಷ್ಟ್ರ ಹೊರಡಿಸಿದ ಆದೇಶಗಳ ಪ್ರಕಾರ ಪಂಚನಾಮೆಯಲ್ಲಿ ಕಂಡ ನಷ್ಟದ 75 ಪ್ರತಿಶತ ಅಥವಾ 50,000, ಯಾವುದು ಕಮ್ಮಿಯೋ ಅದು. ಅಂಗಡಿ ಅಧಿಕೃತ ಆಗಿರಬೇಕು. ಅಂಗಡಿಕಾರ ಸ್ಥಳೀಯ ನಿವಾಸಿ ಆಗಿರಬೇಕು, ಹೆಸರು ಅಲ್ಲಿನ ಮತದಾರರ ಪಟ್ಟಿಯಲ್ಲಿರಬೇಕು, ರೇಷನ್ ಕಾರ್ಡ್ ಇರಬೇಕು.

ಸರ್ಕಾರದ ಕಡೆಯಿಂದ ನೋಡಿದರೆ ಇದಕ್ಕೆ ಕಾರಣ ಇದೆ. ನೀರು ಇಳಿದ ಮೇಲೆ ಸುಳ್ಳು ಹೆಸರುಗಳು ಸೇರಿಕೊಳ್ಳುತ್ತವೆ, ಒಬ್ಬನೇ ಎರಡು ಕಡೆ ಅರ್ಜಿ ಹಾಕುತ್ತಾನೆ, ತಲಾಠಿಗೆ, ಅಂದರೆ ಗ್ರಾಮ ಲೆಕ್ಕಿಗನಿಗೆ, ಒಂದು ವಾರದಲ್ಲಿ ನೂರಾರು ಅಂಗಡಿ ನೋಡಬೇಕಿರುತ್ತದೆ. ಮತದಾರರ ಪಟ್ಟಿ ಎಂಬುದು ಕೈಗೆ ಸುಲಭವಾಗಿ ಸಿಗುವ ಜರಡಿ. ಆದರೆ ಆ ಜರಡಿಯಲ್ಲಿ ಯಾರು ಕೆಳಗೆ ಬೀಳುತ್ತಾರೆ ನೋಡಿ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಹದಿನೈದು ಇಪ್ಪತ್ತು ವರ್ಷ ಪುಣೆಯಲ್ಲಿ ತರಕಾರಿ ಮಾರಿದವರ ವೋಟು ಇನ್ನೂ ಊರಲ್ಲೇ ಇರುತ್ತದೆ. ರೇಷನ್ ಕಾರ್ಡು ಅಲ್ಲಿ ತಾಯಿಯ ಹೆಸರಿನಲ್ಲಿ. ಕುಂದಾಪುರ, ಕಾರ್ಕಳದಿಂದ ಬಂದು ಹೋಟೆಲ್ ನಡೆಸುವವರಲ್ಲೂ ಎಷ್ಟೋ ಜನ ಹೆಸರು ಬದಲಿಸಿಕೊಂಡಿಲ್ಲ. ಊರಿನ ಜಮೀನು, ಮನೆ, ದೇವಸ್ಥಾನದ ನಂಟು ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದರಿಂದ ಪುಣೆಯಲ್ಲಿ ಅಕ್ಕಿ ಗೋಧಿ ಸಿಗುತ್ತದೆ, ಸ್ಥಳೀಯ ನಿವಾಸಿ ಎಂಬ ಗುರುತು ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ನೆರವು ಕೊಡುವುದು ಮುಳುಗಿದ ಅಂಗಡಿಗೆ ಎಂದಾದರೆ, ಕೇಳಬೇಕಾದದ್ದು ಆ ಅಂಗಡಿ ಅಲ್ಲಿ ಇತ್ತೇ ಎಂಬುದನ್ನು. ಮಾಲೀಕ ಎಲ್ಲಿ ವೋಟು ಹಾಕುತ್ತಾನೆ ಎಂಬುದಕ್ಕೂ ಅವನ ಅಕ್ಕಿ ಚೀಲ ನೆನೆದದ್ದಕ್ಕೂ ಸಂಬಂಧ ಇಲ್ಲ. ಅಂಗಡಿ ಇತ್ತು ಎನ್ನಲು ಬೇರೆ ಸಾಕ್ಷಿಗಳಿವೆ: ಗುಮಾಸ್ತಾ ಲೈಸೆನ್ಸ್ (ಅಂಗಡಿಯ ನೋಂದಣಿ ಪತ್ರ), ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಪಾಲಿಕೆಯ ಬೀದಿ ವ್ಯಾಪಾರಿ ಪ್ರಮಾಣಪತ್ರ, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ.

ನೆರವಿಗಿಂತ ದೊಡ್ಡ ಜಿಎಸ್‌ಟಿ

ಹೆಚ್ಚಿನವರಿಗೆ ನಂಬಲು ಕಷ್ಟವಾಗುವುದು ಇದು. ಹಾಳಾದ ಮಾಲಿನ ಜಿಎಸ್‌ಟಿ ವಾಪಸ್ ಬರುವುದಿಲ್ಲ. ಉಲ್ಟಾ, ಅಂಗಡಿಕಾರನೇ ವಾಪಸ್ ಕಟ್ಟಬೇಕು.

ಕಾರಣ ಹೀಗಿದೆ. ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಅಂಗಡಿಕಾರ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯುತ್ತಾನೆ, ಮಾರಿದಾಗ ಬರುವ ತೆರಿಗೆಯಲ್ಲಿ ಅದನ್ನು ಕಳೆದು ಉಳಿದದ್ದು ಕಟ್ಟುತ್ತಾನೆ. ಮಾಲು ಮಾರಾಟವೇ ಆಗದಿದ್ದರೆ ಆ ಕ್ರೆಡಿಟ್ ಉಳಿಯಬಾರದು ಎಂಬುದು ಕಾನೂನಿನ ತರ್ಕ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಕಳೆದುಹೋದ, ಕಳುವಾದ, ನಾಶವಾದ ಮಾಲಿಗೆ ಕ್ರೆಡಿಟ್ ಇಲ್ಲ ಎನ್ನುತ್ತದೆ. ಪ್ರವಾಹಕ್ಕೆ ಅಲ್ಲಿ ವಿನಾಯಿತಿ ಇಲ್ಲ.

ಒಂದು ಲೆಕ್ಕ ಹಾಕೋಣ. ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ತೆರಿಗೆ ಬಿಟ್ಟು 4 ಲಕ್ಷದ ಮಾಲು ಹಾಳಾಯಿತು ಎಂದುಕೊಳ್ಳಿ. ತೆರಿಗೆ ದರ 18 ಪ್ರತಿಶತ. ವಾಪಸ್ ಮಾಡಬೇಕಾದ ಕ್ರೆಡಿಟ್ 72,000 ರೂಪಾಯಿ. ಸರ್ಕಾರದ ನೆರವು ಪೂರ್ತಿ ಸಿಕ್ಕರೂ 50,000. ಅಂದರೆ ಒಂದು ಕೈಯಲ್ಲಿ ಕೊಟ್ಟದ್ದಕ್ಕಿಂತ ಜಾಸ್ತಿ ಇನ್ನೊಂದು ಕೈಯಲ್ಲಿ ಹೋಗುತ್ತದೆ. ಕೊಡುವ ಇಲಾಖೆಗೆ ತೆಗೆದುಕೊಳ್ಳುವ ಇಲಾಖೆಯ ಲೆಕ್ಕ ಗೊತ್ತಿರುವುದಿಲ್ಲ.

ಎಲ್ಲರಿಗೂ ಇದೇ ಪೆಟ್ಟು ಬೀಳುವುದಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಯೋಜನೆಯಲ್ಲಿ, ಇರುವವರು ಮೊದಲಿನಿಂದಲೂ ಕ್ರೆಡಿಟ್ ಪಡೆದಿರುವುದಿಲ್ಲ, ಹಾಗಾಗಿ ವಾಪಸ್ ಕಟ್ಟುವುದೂ ಇಲ್ಲ. ಬಿಡಿ ಅಕ್ಕಿ ಬೇಳೆಗೆ ತೆರಿಗೆಯೇ ಇಲ್ಲ. ಒದ್ದೆಯಾದರೂ ಮಾರಬಹುದಾದ ಮಾಲನ್ನು, ಉದಾಹರಣೆಗೆ ಸ್ಟೀಲ್ ಪಾತ್ರೆ ಅಥವಾ ತೊಳೆದು ಇಸ್ತ್ರಿ ಮಾಡಿದ ಬಟ್ಟೆಯನ್ನು, ಅರ್ಧ ಬೆಲೆಗೆ ಮಾರಿದರೂ ಅದು ಮಾರಾಟವೇ. ಅದಕ್ಕೆ ಕ್ರೆಡಿಟ್ ಹಿಂತಿರುಗಿಸಬೇಕಿಲ್ಲ. ಪ್ರವಾಹದ ನಂತರ ರಸ್ತೆ ಬದಿಯಲ್ಲಿ ಸೇಲ್ ಹಾಕುವುದರ ಹಿಂದೆ ಈ ಲೆಕ್ಕವೂ ಇದೆ. ಆಹಾರ ಪದಾರ್ಥ ಮತ್ತು ನೀರು ಹೊಕ್ಕ ವಿದ್ಯುತ್ ಸಾಮಾನನ್ನು ಮಾತ್ರ ಹೀಗೆ ಮಾರಬಾರದು. ಅದು ತೆರಿಗೆಯ ಮಾತಲ್ಲ, ಕೊಳ್ಳುವವರ ಜೀವದ ಮಾತು.

ವಿಮೆ ಇದ್ದವರಿಗೆ ಯಾಕೆ ಪೂರ್ತಿ ಬರುವುದಿಲ್ಲ

ಸರ್ಕಾರದ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ: ವ್ಯಾಪಾರದ ನಷ್ಟ ತುಂಬಲು ವಿಮೆ ಇದೆ, ಎಲ್ಲರ ತೆರಿಗೆ ಹಣದಿಂದ ಅಂಗಡಿಯ ಲಾಭ ನಷ್ಟ ಸರಿದೂಗಿಸಲು ಆಗದು. ಮಾತಿನಲ್ಲಿ ಹುರುಳಿದೆ. 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಎಲ್ಲ ಸಾಮಾನ್ಯ ವಿಮೆ ಕಂಪನಿಗಳಲ್ಲೂ ಸಿಗುತ್ತದೆ. ಒಂದು ಜಾಗದಲ್ಲಿ 5 ಕೋಟಿವರೆಗಿನ ಆಸ್ತಿ ಇರುವವರಿಗೆ ಅದು. ಬೆಂಕಿ, ಬಿರುಗಾಳಿ, ಪ್ರವಾಹ, ಜಲಾವೃತ ಎಲ್ಲ ಸೇರಿದೆ. ನೀರು ಮೋಡದಿಂದ ಬಂತೋ ಡ್ಯಾಮಿನಿಂದ ಬಂತೋ ಎಂಬುದು ಸಾಮಾನ್ಯವಾಗಿ ಅಡ್ಡಿಯಲ್ಲ. ಜಾಗ ಜಲಾವೃತವಾಗಿದೆಯೇ ಎಂಬುದೇ ಮುಖ್ಯ.

ಎಡವುವುದು ಮೂರು ಕಡೆ. ಮೊದಲನೆಯದು, ಯಾವುದಕ್ಕೆ ವಿಮೆ ಎಂಬುದು. ಕಟ್ಟಡದ ಮಾಲೀಕ ಮಾಡಿಸಿದ ವಿಮೆ ಗೋಡೆಗೆ, ಛಾವಣಿಗೆ. ಬಾಡಿಗೆಗಿರುವವನ ಮಾಲಿಗೂ ಫರ್ನಿಚರಿಗೂ ಅದರಿಂದ ಒಂದು ಪೈಸೆ ಬರುವುದಿಲ್ಲ.

ಎರಡನೆಯದು, ವಿಮೆಯ ಮೊತ್ತ. ಪ್ರೀಮಿಯಂ ಉಳಿಸಲು 6 ಲಕ್ಷದ ಮಾಲಿಗೆ 3 ಲಕ್ಷದ ವಿಮೆ ಮಾಡಿಸುವುದು ಸಾಮಾನ್ಯ. 2 ಲಕ್ಷದ ಮಾಲು ಹಾಳಾದರೆ 3 ಲಕ್ಷದ ಒಳಗೇ ಇದೆ, ಪೂರ್ತಿ ಸಿಗುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ, ಹಾಗಾಗಿ ನಷ್ಟದ ಅರ್ಧ ಮಾತ್ರ ಎಂದು ಕಂಪನಿ 1 ಲಕ್ಷ ಕೊಡುತ್ತದೆ. ಈ ಪಾಲಿಸಿಯಲ್ಲಿ ಕೊರತೆ 15 ಪ್ರತಿಶತದ ಒಳಗಿದ್ದರೆ ಮನ್ನಾ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಕಡಿತ. ದೀಪಾವಳಿ, ಗಣೇಶ ಹಬ್ಬಕ್ಕೆ ಮುಂಚೆ ಮಾಲು ತುಂಬಿಸಿದಾಗಲೇ ಮಳೆಗಾಲವೂ ಇರುವುದರಿಂದ ಈ ಕೊರತೆ ಆಗಲೇ ಜಾಸ್ತಿ ಆಗಿರುತ್ತದೆ.

ಮೂರನೆಯದು, ಹಣ ಯಾರಿಗೆ ಎಂಬುದು. ಮಾಲಿನ ಮೇಲೆ ಬ್ಯಾಂಕಿನಿಂದ ಕ್ಯಾಶ್ ಕ್ರೆಡಿಟ್ ಸಾಲ ಪಡೆದಿದ್ದರೆ ಬಹಳ ಸಲ ಬ್ಯಾಂಕು ತಾನೇ ವಿಮೆ ಮಾಡಿಸಿ ಪ್ರೀಮಿಯಂ ಖಾತೆಯಿಂದ ಕಡಿದಿರುತ್ತದೆ. ಪಾಸ್‌ಬುಕ್ ನೋಡದವರಿಗೆ ತಮಗೆ ವಿಮೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಕ್ಲೇಮಿನ ಹಣ ಬಂದಾಗ ಅದು ಮೊದಲು ಸಾಲದ ಖಾತೆಗೆ ಹೋಗುತ್ತದೆ.

ಇದರ ಮಧ್ಯೆ ಪೊರಕೆಯ ಪ್ರಶ್ನೆ ಇದೆ. ರೋಗ ಹರಡಬಾರದು ಎಂದು ಪಾಲಿಕೆಯ ಗಾಡಿ ಮರುದಿನವೇ ಬಂದು ಕೊಳೆತ ಮಾಲು ಒಯ್ಯುತ್ತದೆ. ನಷ್ಟ ಅಂದಾಜು ಮಾಡುವ ವಿಮೆಯ ಸರ್ವೇಯರ್ ನಾಲ್ಕನೇ ದಿನ ಬಂದು ಮಾಲು ಎಲ್ಲಿ ಎಂದು ಕೇಳುತ್ತಾನೆ. ಇಬ್ಬರೂ ತಮ್ಮ ಕೆಲಸವನ್ನೇ ಮಾಡುತ್ತಿದ್ದಾರೆ, ಸಾಕ್ಷಿ ಮಾತ್ರ ಹೋಗಿಬಿಡುತ್ತದೆ. ಕಸ ಎತ್ತುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆ, ಚೀಲಗಳ ಸಾಲು, ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರ್, ಮೋಟಾರಿನ ಪ್ಲೇಟು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿ ವಿಮೆ ಕಂಪನಿಗೆ ಅವತ್ತೇ ಕಳಿಸಿದರೆ ಈ ಜಗಳ ಬಹಳ ಕಮ್ಮಿಯಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಹಾಗಾಗದಿದ್ದರೆ, ಅಥವಾ ಕೊಟ್ಟದ್ದು ಅನ್ಯಾಯ ಅನಿಸಿದರೆ, ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ವಿಮಾ ಒಂಬುಡ್ಸ್‌ಮನ್. ಸ್ವಂತ ಹೆಸರಿನ ಅಂಗಡಿ ಮತ್ತು ಸೂಕ್ಷ್ಮ ಉದ್ದಿಮೆಗಳ ದೂರನ್ನೂ ಅಲ್ಲಿ ಕೇಳುತ್ತಾರೆ, 50 ಲಕ್ಷದವರೆಗೆ, ಶುಲ್ಕವಿಲ್ಲದೆ. ಪುಣೆಯಲ್ಲೇ ಕಚೇರಿ ಇದೆ.

ತಪ್ಪು ಯಾರದ್ದು ಎಂಬ ಜಗಳ

2024ರಲ್ಲಿ ಏಕತಾನಗರಿಯ ಜನ ಸರಿಯಾದ ಮುನ್ಸೂಚನೆ ಇರಲಿಲ್ಲ ಎಂದರು. ನೀರು ಬಿಡುವ ಇಲಾಖೆ ತಾನು ತಿಳಿಸಿದ್ದೆ ಎಂದಿತು. ಪಾಲಿಕೆ ಮತ್ತು ಇಲಾಖೆ ನಡುವೆ ಬೊಟ್ಟು ಮಾಡುವ ಆಟ ನಡೆಯಿತು. 2021ರ ಜುಲೈ 22ರಂದು ಚಿಪ್ಳೂಣ ಮುಳುಗಿದಾಗಲೂ ಕೋಳ್ಕೆವಾಡಿ ಜಲಾಶಯದ ನೀರಿನ ಬಗ್ಗೆ ಇದೇ ವಾದ ಎದ್ದಿತ್ತು. ವ್ಯಾಪಾರಿಗಳ ನಿಲುವು ಸರಳ: ಗೇಟು ತೆಗೆದದ್ದು, ಹಳ್ಳ ಕಿರಿದು ಮಾಡಿದ್ದು, ನದಿ ದಂಡೆಗೆ ಮಣ್ಣು ಸುರಿಯಲು ಬಿಟ್ಟದ್ದು ಮನುಷ್ಯರ ತೀರ್ಮಾನ, ಹಾಗಾಗಿ ಇದು ನೆರವಲ್ಲ, ಪರಿಹಾರ. ನಗರ ಯೋಜನೆಯವರು ಇನ್ನೊಂದು ನಕ್ಷೆ ತೋರಿಸುತ್ತಾರೆ. ಮಹಾರಾಷ್ಟ್ರದಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು ರೇಖೆ. ನೀಲಿ ರೇಖೆಯ ಒಳಗೆ ಕಟ್ಟಡಕ್ಕೆ ನಿಷೇಧ. ಒಳಗಿದ್ದವರಿಗೆ ಪ್ರತಿ ಸಲ ಹಣ ಕೊಟ್ಟರೆ ಅಪಾಯದ ಜಾಗದಲ್ಲೇ ಉಳಿಯಲು ಕೊಟ್ಟಂತೆ ಎಂಬುದು ಅವರ ಮಾತು.

ಎರಡರಲ್ಲೂ ಸತ್ಯ ಇದೆ, ಆದರೆ ಎರಡನೇ ವಾದ ಒಂದು ಕಡೆ ಸೋಲುತ್ತದೆ. ನೀಲಿ ರೇಖೆಯ ಒಳಗೆ ಕಟ್ಟಿಸಿ ಮಾರಿದವರು, ಬಾಡಿಗೆಗೆ ಕೊಟ್ಟವರು ಬೇರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಅಂಗಡಿ ಹಿಡಿದವನಿಗೆ ಆ ನಕ್ಷೆಯನ್ನು ಯಾರೂ ತೋರಿಸಿರುವುದಿಲ್ಲ. ಬಾಡಿಗೆ ಕಮ್ಮಿ ಇದೆ ಎಂದು ಅವನು ಅಲ್ಲಿಗೆ ಬಂದಿರುತ್ತಾನೆ.

ಮುಂದೆ ಏನಾಗಬಹುದು

ಈಗಿನ ನಿಯಮಗಳು ಹೀಗೇ ಇದ್ದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಮೊದಲ ಹದಿನೈದು ದಿನ ಕೈಯಲ್ಲಿ ಹಣ ಬೇಕು: ಕೆಸರು ತೆಗೆಯಲು, ಮೋಟಾರು ರಿಪೇರಿಗೆ, ಹೊಸ ಮಾಲಿಗೆ, ಪಗಾರಕ್ಕೆ. ನೆರವು ಬರುವುದು ತಿಂಗಳು ಕಳೆದು, ವಿಮೆ ಬರುವುದು ಇನ್ನೂ ತಡವಾಗಿ. ಮಧ್ಯದ ಆ ಖಾಲಿ ಜಾಗಕ್ಕೆ ದಿನದ ಬಡ್ಡಿಯವರು ಬರುತ್ತಾರೆ. ಬ್ಯಾಂಕ್ ಸಾಲ ಇದ್ದವರು 90 ದಿನ ಕಂತು ತಪ್ಪಿಸಿದರೆ ಖಾತೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ, ಆಮೇಲೆ ಹೊಸ ಸಾಲ ಹುಟ್ಟುವುದಿಲ್ಲ. ವಿಪತ್ತಿನ ನಂತರ ಕಂತಿನ ಅವಧಿ ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶ ಇದೆ. ಖಾತೆ ಕೆಡುವ ಮೊದಲೇ ಹೋಗಿ ಲಿಖಿತ ಅರ್ಜಿ ಕೊಟ್ಟವರಿಗೆ ಅದರ ಪ್ರಯೋಜನ ಸಿಗುವ ಸಾಧ್ಯತೆ ಜಾಸ್ತಿ. ಸ್ವಂತ ಕಟ್ಟಡ, ಸರಿಯಾದ ವಿಮೆ, ಒಳ್ಳೆ ಲೆಕ್ಕಪತ್ರ ಇದ್ದವರು ಎರಡನೇ ಮಳೆಗಾಲಕ್ಕೆ ಎದ್ದು ನಿಲ್ಲುತ್ತಾರೆ. ಬಾಡಿಗೆಯವರು, ಗಾಡಿಯವರು, ಹೊರಗಿನಿಂದ ಬಂದವರು ಬೀದಿ ಬಿಡುತ್ತಾರೆ.

ಬದಲಿಸಬಹುದಾದದ್ದು ಎರಡು, ಎರಡೂ ಕಾಗದದ ಮೇಲಿನವು. ರಾಜ್ಯದ ಮುಂದಿನ ಆದೇಶದಲ್ಲಿ ಮತದಾರರ ಪಟ್ಟಿ ಮತ್ತು ರೇಷನ್ ಕಾರ್ಡಿನ ಷರತ್ತು ತೆಗೆದು ಅಂಗಡಿ ನಡೆಸಿದ ಯಾವುದಾದರೂ ಎರಡು ಪುರಾವೆ ಸಾಕು ಎನ್ನಬಹುದು. ಅಧಿಕೃತವಾಗಿ ವಿಪತ್ತು ಎಂದು ಘೋಷಿಸಿದ ಪ್ರದೇಶದಲ್ಲಿ, ಪಂಚನಾಮೆಯಲ್ಲಿ ದಾಖಲಾದ ಮಾಲಿನ ಮಟ್ಟಿಗೆ, ಕ್ರೆಡಿಟ್ ವಾಪಸ್ ಕಟ್ಟುವುದರಿಂದ ವಿನಾಯಿತಿ ಕೊಡುವಂತೆ ಕಾಯ್ದೆ ತಿದ್ದಲು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬಹುದು. ಮೊದಲನೆಯದನ್ನು ಕೇಳಬೇಕಾದದ್ದು ಮುಂಬೈಯ ಮಂತ್ರಾಲಯದಲ್ಲಿ, ಅಂದರೆ ರಾಜ್ಯದ ಸಚಿವಾಲಯದಲ್ಲಿ. ಎರಡನೆಯದಕ್ಕೆ ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರೂ ರಾಜ್ಯಗಳ ಸಚಿವರಿಗೆ ಆ ಮಂಡಳಿಯಲ್ಲಿ ಕುರ್ಚಿ ಇದೆ. ವ್ಯಾಪಾರಿ ಸಂಘಗಳೂ, ಪುಣೆಯಂಥ ಊರುಗಳ ಕನ್ನಡ ಸಂಘಗಳೂ ಮಳೆಗಾಲಕ್ಕೆ ಮೊದಲೇ, ಅಂದರೆ ಮೇ ತಿಂಗಳೊಳಗೆ, ಈ ಎರಡು ಅರ್ಜಿಗಳನ್ನು ಬರೆದು ಕೊಡಬಹುದು.